ಸಭೆಗೆ ಬೆನ್ನು ಮಾಡಿ ಹಾಡುವವನು

ಪೂರ್ವ ಯುರೋಪಿನ ಯಹೂದಿ ಸಂಪ್ರದಾಯದ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಪ್ರಾರ್ಥನೆಯನ್ನು ಹಾಡಿ ನಡೆಸುವ ಹಜ್ಜಾನ್ ಜನರಿಗೆ ಮುಖ ಮಾಡಿ ನಿಲ್ಲುವುದಿಲ್ಲ. ತೋರಾ ಎಂಬ ಧರ್ಮಗ್ರಂಥದ ಸುರುಳಿಗಳನ್ನು ಇರಿಸಿದ ಪವಿತ್ರ ಪೆಟ್ಟಿಗೆಯ ಕಡೆಗೆ, ಎಂದರೆ ಜೆರುಸಲೇಮಿನ ದಿಕ್ಕಿಗೆ, ಅವನ ಮುಖವಿರುತ್ತದೆ; ಸಭೆಯೂ ಅದೇ ದಿಕ್ಕಿಗೆ ನೋಡುತ್ತ ಅವನ ಹಿಂದೆ ನಿಂತಿರುತ್ತದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಛೇರಿಗಳನ್ನು ಕೇಳುತ್ತ ಬೆಳೆದ ನನಗೆ, ಮುಂದಿನ ಸಾಲಿನಲ್ಲಿ ಕುಳಿತು ತಾಳ ಹಾಕುವವರನ್ನು ಕಂಡು ವಿದ್ವಾಂಸರು ಹುರುಪುಗೊಳ್ಳುವುದನ್ನು ಹತ್ತಿರದಿಂದ ನೋಡಿದ ನನಗೆ, ಈ ಸಂಗೀತದ ಬಗ್ಗೆ ತಿಳಿದ ಸಂಗತಿಗಳಲ್ಲೆಲ್ಲ ಅತ್ಯಂತ ಮುಖ್ಯವೆನಿಸಿದ್ದು ಇದೇ. ಹಜ್ಜಾನನು ಸಭೆಗೆ ಹಾಡುವುದಿಲ್ಲ, ಸಭೆಯ ಪರವಾಗಿ ಹಾಡುತ್ತಾನೆ. ಹಜ್ಜಾನುತ್ ಎಂದು ಕರೆಯುವ ಈ ಕಲೆಯನ್ನು ಕೇಳಿ ಸುಖಪಡಬೇಕಾದರೆ ಅವನ ಕಂಠಕ್ಕಿಂತ ಮೊದಲು ಅವನ ಕೆಲಸ ಏನೆಂಬುದನ್ನು ತಿಳಿಯಬೇಕು ಎಂಬುದು ಹಲವು ವರ್ಷಗಳ ಕೇಳ್ಮೆಯಿಂದ ನನಗೆ ಮನವರಿಕೆಯಾಗಿದೆ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ಎರಡನೆಯ ದೇವಾಲಯವನ್ನು ಕೆಡವಿದಾಗ ಅಲ್ಲಿನ ಬಲಿಪೂಜೆಯೂ ಲೇವಿ ಕುಲದವರ ಗಾಯನ ವಾದನಗಳೂ ಒಟ್ಟಿಗೇ ನಿಂತುಹೋದವು. ಬಲಿಯ ಜಾಗದಲ್ಲಿ ಪ್ರಾರ್ಥನೆ ನೆಲೆಗೊಂಡಿತು. ವಾದ್ಯಗಳ ಜಾಗದಲ್ಲಿ ಬರಿಯ ಮನುಷ್ಯಕಂಠ ಉಳಿಯಿತು. ಸಂಪ್ರದಾಯನಿಷ್ಠ ಸಿನಗಾಗ್‌ಗಳಲ್ಲಿ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಮತ್ತು ಹಬ್ಬಗಳಂದು ಇಂದಿಗೂ ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಹೊಸ ವರ್ಷದ ದಿನ ಊದುವ ಟಗರುಕೊಂಬಿನ ಶೋಫಾರ್ ಒಂದು ವಿಧಿಯೇ ಹೊರತು ಪಕ್ಕವಾದ್ಯವಲ್ಲ. ಶ್ರುತಿಪೆಟ್ಟಿಗೆಯೂ ಇಲ್ಲ, ಮೈಕೂ ಇಲ್ಲ. ಮೈಕಿನ ಅಬ್ಬರದಲ್ಲಿ ಮೃದಂಗದ ನಾದವೇ ಕಳೆದುಹೋಗುವ ಕಛೇರಿಗಳನ್ನು ಕೇಳಬೇಕಾಗಿ ಬಂದಿರುವ ನಮ್ಮ ಊರಿನ ರಸಿಕರಿಗೆ, ಸಾವಿರ ಜನ ಸೇರಿದ ಮಂದಿರವನ್ನು ಒಂದು ಕಂಠ ಯಾವ ಸಹಾಯವೂ ಇಲ್ಲದೆ ತುಂಬುತ್ತಿತ್ತು ಎಂಬುದರ ಹಿರಿಮೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಜ್ಜಾನ್ ಅರ್ಚಕನಲ್ಲ. ರಬ್ಬಿ ಎಂಬ ಧರ್ಮಶಾಸ್ತ್ರಜ್ಞನೂ ಅಲ್ಲ. ವಯಸ್ಕರಾದ ಹತ್ತು ಮಂದಿ ಸೇರಿದರೆ ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ, ಅವರಲ್ಲಿ ಬಲ್ಲವನೊಬ್ಬ ಮುಂದೆ ನಿಲ್ಲುತ್ತಾನೆ. ಪ್ರಾರ್ಥನೆಯ ತಿರುಳಾದ ಅಮಿದಾವನ್ನು ಮೊದಲು ಎಲ್ಲರೂ ನಿಂತುಕೊಂಡು ತಮ್ಮತಮ್ಮಷ್ಟಕ್ಕೆ ಪಿಸುದನಿಯಲ್ಲಿ ಹೇಳಿಕೊಳ್ಳುತ್ತಾರೆ. ಬೆಳಗಿನ ಮತ್ತು ಮಧ್ಯಾಹ್ನದ ಪ್ರಾರ್ಥನೆಗಳಲ್ಲಿ ಅದಾದ ಮೇಲೆ ಹಜ್ಜಾನನು ಅದನ್ನೇ ಗಟ್ಟಿಯಾಗಿ ಪುನಃ ಹೇಳುತ್ತಾನೆ. ಅಚ್ಚಾದ ಪುಸ್ತಕಗಳಿಲ್ಲದ ಕಾಲದಲ್ಲಿ ಪಾಠ ಬಾರದವರು ಅನೇಕರಿದ್ದರು. ಅಂಥವನು ಹಜ್ಜಾನನ ಮಾತನ್ನು ಗಮನವಿಟ್ಟು ಕೇಳಿ ಪ್ರತಿಯೊಂದು ಸ್ತುತಿಯ ಕೊನೆಗೆ ಆಮೆನ್ ಎಂದರೆ ಅವನ ಪ್ರಾರ್ಥನೆಯ ಕರ್ತವ್ಯ ಸಂದಂತಾಗುತ್ತದೆ ಎಂಬುದು ಶಾಸ್ತ್ರದ ವಿಧಾನ. ಇಲ್ಲಿಯೇ ಈ ಸಂಗೀತದ ಬೇರಿದೆ. ಹಾಡುವವನ ಒಂದು ಪದ ತಪ್ಪಿದರೆ ಅದು ಅವನೊಬ್ಬನ ತಪ್ಪಾಗಿ ಉಳಿಯುವುದಿಲ್ಲ, ಅವನನ್ನು ನಂಬಿ ನಿಂತ ಎಲ್ಲರ ಪ್ರಾರ್ಥನೆಗೂ ಅದು ತಟ್ಟುತ್ತದೆ.

ಇಂಥ ಕೆಲಸಕ್ಕೆ ಯಾರು ಯೋಗ್ಯರು ಎಂಬ ಪ್ರಶ್ನೆಯನ್ನು ಯಹೂದಿ ಶಾಸ್ತ್ರಕಾರರು ಬಹಳ ಗಂಭೀರವಾಗಿ ಚರ್ಚಿಸಿದ್ದಾರೆ, ಮತ್ತು ಆ ಚರ್ಚೆ ನನಗೆ ಯಾವ ಸಂಗೀತಶಾಸ್ತ್ರ ಗ್ರಂಥಕ್ಕಿಂತಲೂ ಹೆಚ್ಚು ಕಲಿಸಿದೆ. ಮಳೆ ಬಾರದೆ ಊರೆಲ್ಲ ಉಪವಾಸವಿದ್ದು ಬೇಡಿಕೊಳ್ಳುವ ದಿನ ಎಂಥವನನ್ನು ಮುಂದೆ ನಿಲ್ಲಿಸಬೇಕೆಂದು ಮಿಶ್ನಾ ಎಂಬ ಪ್ರಾಚೀನ ಧರ್ಮಶಾಸ್ತ್ರ ಸಂಗ್ರಹ ಹೇಳುತ್ತದೆ: ವಯಸ್ಸಾದವನು, ಪ್ರಾರ್ಥನೆಯಲ್ಲಿ ಪಳಗಿದವನು, ಮಕ್ಕಳಿರುವವನು ಮತ್ತು ಮನೆಯಲ್ಲಿ ಏನೂ ಇಲ್ಲದವನು. ಮನೆ ಬರಿದಾಗಿರುವವನು, ಮಕ್ಕಳ ಹಸಿವನ್ನು ಕಣ್ಣಾರೆ ಕಂಡವನು ಬೇಡುವಾಗ ಅವನ ಹೃದಯವೆಲ್ಲ ಆ ಬೇಡಿಕೆಯಲ್ಲಿರುತ್ತದೆ ಎಂಬುದು ಅದರ ಕಾರಣ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಇದಕ್ಕೆ ವಿನಯವನ್ನೂ, ಜನರ ಒಪ್ಪಿಗೆಯನ್ನೂ, ಇಂಪಾದ ದನಿಯನ್ನೂ ಸೇರಿಸುತ್ತದೆ. ಹದಿನಾರನೆಯ ಶತಮಾನದಲ್ಲಿ ಯೋಸೆಫ್ ಕಾರೋ ಬರೆದು 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಶುಲ್ಹಾನ್ ಅರೂಖ್ ಎಂಬ ಧರ್ಮಸಂಹಿತೆಯಂತೂ ಇನ್ನೂ ಮುಂದೆ ಹೋಗುತ್ತದೆ. ಸೊಗಸಾದ ಕಂಠವಿದ್ದು ಜನರೆಲ್ಲ ಬಯಸುವ, ಆದರೆ ಅರ್ಥ ತಿಳಿಯದ ಮುದುಕನೊಬ್ಬ ಒಂದು ಕಡೆ. ಕಂಠ ಚೆನ್ನಾಗಿಲ್ಲದಿದ್ದರೂ ತಾನು ಹೇಳುವುದರ ಅರ್ಥ ಬಲ್ಲ ಹದಿಮೂರು ವರ್ಷದ ಹುಡುಗ ಇನ್ನೊಂದು ಕಡೆ. ಇಬ್ಬರಲ್ಲಿ ಆ ಹುಡುಗನೇ ಮೊದಲು ಎಂದು ಕಾರೋ ತೀರ್ಪು ಕೊಡುತ್ತಾರೆ. ಹಾಡನ್ನು ಎಳೆದು ಎಳೆದು ಹಾಡುವವನ ಬಗ್ಗೆಯೂ ಅಲ್ಲಿ ವಿಧಿಯಿದೆ: ದೇವರನ್ನು ಇಂಪಾಗಿ ಸ್ತುತಿಸುವ ಸಂತೋಷದಿಂದ ಎಳೆದರೆ ಅವನಿಗೆ ಆಶೀರ್ವಾದ; ತನ್ನ ದನಿಯನ್ನು ಜನ ಕೇಳಲಿ ಎಂದು ಎಳೆದರೆ ಅದು ನಿಂದ್ಯ; ಯಾವ ಕಾರಣಕ್ಕೇ ಆಗಲಿ, ಬಹಳ ಎಳೆಯುವುದು ಸಭೆಗೆ ಹೊರೆ. ಸಂಗೀತದ ಬಗ್ಗೆ ಇಷ್ಟು ನ್ಯಾಯವಾದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ. ಹೊರಗಿನಿಂದ ಕೇಳುವವರಿಗೆ ಈ ಮೂರೂ ಒಂದೇ ಹಾಡಾಗಿ ಕೇಳಿಸುತ್ತವೆ. ವ್ಯತ್ಯಾಸವಿರುವುದು ಹಾಡುವವನ ಒಳಗೆ.

ಹೊಸ ವರ್ಷದ ಹಬ್ಬದಂದೂ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನದಂದೂ ಅಶ್ಕೆನಾಝಿ, ಎಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಸಂಪ್ರದಾಯದ, ಹಜ್ಜಾನನು ಮುಸಾಫ್ ಎಂಬ ಹೆಚ್ಚುವರಿ ಪ್ರಾರ್ಥನೆಗೆ ಮೊದಲು ಹಾಡುವ ಹಿನೆನಿ ಎಂಬ ಭಾಗವನ್ನು ಕೇಳಿದಾಗಲೆಲ್ಲ ನನಗೆ ಈ ವಿಧಿಗಳು ನೆನಪಾಗುತ್ತವೆ. ಅನೇಕ ಕಡೆ ಅವನು ಅದನ್ನು ಮಂದಿರದ ಹಿಂಬದಿಯಿಂದ ಆರಂಭಿಸಿ, ಜನರ ನಡುವೆ ನಿಧಾನವಾಗಿ ನಡೆಯುತ್ತ, ತನ್ನ ಪೀಠದವರೆಗೆ ಹಾಡುತ್ತ ಬರುತ್ತಾನೆ. ತಾನು ಸತ್ಕರ್ಮಗಳಲ್ಲಿ ಬಡವ, ಈ ಜನ ಕಳಿಸಿದ್ದರಿಂದ ಬಂದಿದ್ದೇನೆ, ಇದಕ್ಕೆ ತಕ್ಕವನಲ್ಲ, ತನ್ನ ಪಾಪಗಳಿಗಾಗಿ ಇವರು ತಲೆತಗ್ಗಿಸುವಂತಾಗದಿರಲಿ ಎಂಬುದು ಅದರ ಭಾವ. ಸಭೆಯಲ್ಲೇ ಅತ್ಯಂತ ಒಳ್ಳೆಯ ಕಂಠವುಳ್ಳವನು, ಅದಕ್ಕಾಗಿಯೇ ಆರಿಸಿ ತಂದವನು, ತನ್ನ ವರ್ಷದ ಅತಿ ದೊಡ್ಡ ಗಾಯನವನ್ನು ಆರಂಭಿಸುವುದು ಈ ಮಾತಿನಿಂದ.

ಇನ್ನು ಸಂಗೀತದ ವ್ಯವಸ್ಥೆಗೆ ಬರುತ್ತೇನೆ. ನಮ್ಮವರಿಗೆ ಬಹಳ ಬೇಗ ಹತ್ತಿರವಾಗುವ ಭಾಗ ಇದು. ಹಜ್ಜಾನನ ಗಾಯನದ ಅಡಿಪಾಯಕ್ಕೆ ನುಸಖ್ ಎಂದು ಹೆಸರು. ದಿನದ ಯಾವ ಹೊತ್ತು, ವಾರದ ಯಾವ ದಿನ, ವರ್ಷದ ಯಾವ ಹಬ್ಬ ಎಂಬುದನ್ನು ಅನುಸರಿಸಿ ಪ್ರಾರ್ಥನೆಯ ಧಾಟಿ ಬದಲಾಗುತ್ತದೆ. ಒಂದೊಂದು ಧಾಟಿಗೂ ತನ್ನದೇ ಸ್ವರಶ್ರೇಣಿ, ತನ್ನದೇ ಸಂಚಾರಗಳು, ನಿಲ್ಲುವ ಸ್ವರಗಳು, ಮುಕ್ತಾಯದ ನಡೆಗಳು ಇರುತ್ತವೆ. ರಚನೆ ಕಟ್ಟಿಟ್ಟದ್ದಲ್ಲ, ಈ ನಡೆಗಳ ಎಲ್ಲೆಯೊಳಗೆ ಹಜ್ಜಾನನು ಪಠ್ಯವನ್ನು ಆಯಾ ಕ್ಷಣದಲ್ಲಿ ಬೆಳೆಸಬಹುದು. ಅಶ್ಕೆನಾಝಿ ಧಾಟಿಗಳಿಗೆ ಅವು ಬರುವ ಪ್ರಾರ್ಥನೆಗಳ ಆರಂಭದ ಪದಗಳೇ ಹೆಸರು. ಅಹವಾ ರಬ್ಬಾ ಎಂಬ ಧಾಟಿಯ ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಬರೆದರೆ ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ: ಹದಿನಾಲ್ಕನೆಯ ಮೇಳವಾದ ವಕುಳಾಭರಣ. ಇದರ ಪೂರ್ವಾಂಗ ಮಾಯಾಮಾಳವಗೌಳದ ಪೂರ್ವಾಂಗವೇ ಆಗಿರುವುದರಿಂದ, ಸರಳೆ ವರಸೆ ಹಾಡಿದ ಕನ್ನಡದ ಮಕ್ಕಳೆಲ್ಲರ ಗಂಟಲಿಗೆ ಇದರ ಮೊದಲ ನಾಲ್ಕು ಸ್ವರಗಳು ಪರಿಚಿತ. ಮಾಗೆನ್ ಆವೋತ್ ಎಂಬ ಶುಕ್ರವಾರ ರಾತ್ರಿಯ ಧಾಟಿ ಸ್ವರಗಳ ಮಟ್ಟಿಗೆ ನಟಭೈರವಿ. ಸಬ್ಬತ್ತನ್ನು ಸ್ವಾಗತಿಸುವ ಬೈಬಲ್ಲಿನ ಕೀರ್ತನೆಗಳ ಅದೋನಾಯ್ ಮಾಲಾಖ್ ಹೆಚ್ಚುಕಡಿಮೆ ಹರಿಕಾಂಭೋಜಿ. ಮಿ ಶೆಬೇರಾಖ್ ಎಂಬ ಇನ್ನೊಂದರಲ್ಲಿ ಪ್ರತಿಮಧ್ಯಮ ಬರುತ್ತದೆ. ಅದರ ಸ್ವರಗಳು ಹೇಮವತಿಯವು.

ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲವೆಂದು ನಮಗೆ ನಮ್ಮ ಸಂಗೀತವೇ ಕಲಿಸಿದೆ. ಹೇಮವತಿಯ ಗಮಕಗಳನ್ನು ನಿರೀಕ್ಷಿಸಿ ಮಿ ಶೆಬೇರಾಖ್ ಕೇಳಲು ಕುಳಿತವರಿಗೆ ಅದರ ಜೀವ ಸಿಕ್ಕುವುದಿಲ್ಲ. ಅಹವಾ ರಬ್ಬಾ ಕೂಡ ಮಂದ್ರಕ್ಕೆ ಇಳಿದಾಗ ಮತ್ತು ತಾರಕ್ಕೆ ಏರಿದಾಗ ಸ್ವರಸ್ಥಾನಗಳನ್ನು ಬದಲಿಸಿಕೊಳ್ಳುತ್ತದೆ. ಹೋಲಿಕೆಯ ಉಪಯೋಗ ಬೇರೆಯೇ ಇದೆ: ರಾಗವೆಂದರೆ ಸ್ವರಗಳ ಪಟ್ಟಿಯಲ್ಲ, ನಡೆಗಳ ನೆನಪು ಎಂದು ಒಪ್ಪಿಕೊಂಡ ಕಿವಿಗೆ ನುಸಖ್ ಎಂಬುದು ಅಪರಿಚಿತವಾದ ಕಲ್ಪನೆಯಲ್ಲ. ಪಾಶ್ಚಾತ್ಯ ಸ್ವರಲಿಪಿಯ ಅಭ್ಯಾಸದವರಿಗೆ ಬಿಡಿಸಿ ಹೇಳಬೇಕಾದದ್ದು ನಮಗೆ ಮೊದಲೇ ಗೊತ್ತಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕದ್ದಿಶ್ ಎಂಬುದು ದೇವರ ನಾಮವನ್ನು ಕೊಂಡಾಡುವ, ಅರಾಮಿಕ್ ಭಾಷೆಯ ಒಂದು ಚಿಕ್ಕ ಪಠ್ಯ. ಪ್ರಾರ್ಥನೆಯ ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವ ಜಾಗಗಳಲ್ಲಿ ಅದನ್ನು ಹೇಳುತ್ತಾರೆ. ಪಠ್ಯ ಬದಲಾಗುವುದು ತೀರ ಅಲ್ಪ. ಆದರೆ ವಾರದ ದಿನದ ಕದ್ದಿಶ್‌ಗೆ ಒಂದು ಧಾಟಿ, ಸಬ್ಬತ್ತಿಗೆ ಇನ್ನೊಂದು, ಯೋಮ್ ಕಿಪ್ಪೂರ್ ದಿನದ ಕೊನೆಯಲ್ಲಿ ಸ್ವರ್ಗದ ಬಾಗಿಲು ಮುಚ್ಚುವ ಹೊತ್ತೆಂದು ಭಾವಿಸುವ ನೆಯಿಲಾ ಪ್ರಾರ್ಥನೆಗೆ ಮತ್ತೊಂದು. ವರ್ಷಕ್ಕೆ ಒಮ್ಮೆ, ಪಾಸ್ಕ ಹಬ್ಬದ ಮೊದಲ ದಿನ, ಇಬ್ಬನಿಗಾಗಿ ಪ್ರಾರ್ಥಿಸುತ್ತಾರೆ. ಶರತ್ಕಾಲದ ಹಬ್ಬಗಳ ಕೊನೆಗೆ, ಶೆಮಿನಿ ಅಟ್ಸೆರೆತ್ ದಿನ, ಮಳೆಗಾಗಿ ಪ್ರಾರ್ಥಿಸುತ್ತಾರೆ. ಆ ಎರಡು ದಿನ ಅಶ್ಕೆನಾಝಿ ಹಜ್ಜಾನನು ಪ್ರಾಯಶ್ಚಿತ್ತದ ದಿನದಂತೆಯೇ ಬಿಳಿಯ ನಿಲುವಂಗಿ ತೊಟ್ಟು ನಿಂತು, ಮುಸಾಫ್‌ಗೆ ಮುಂಚಿನ ಕದ್ದಿಶ್ ಅನ್ನು ಆ ಎರಡು ದಿನಗಳಿಗೆಂದೇ ಮೀಸಲಾದ ಧಾಟಿಯಲ್ಲಿ ಎತ್ತಿಕೊಳ್ಳುತ್ತಾನೆ. ಇಬ್ಬನಿ, ಮಳೆ ಎಂಬ ಪದಗಳು ಆ ಪಠ್ಯದಲ್ಲಿ ಎಲ್ಲಿಯೂ ಇಲ್ಲ. ಧಾಟಿಯೇ ಹೇಳಬೇಕು, ಮತ್ತು ಬಲ್ಲ ಸಭೆಗೆ ಮೊದಲ ಪದದಲ್ಲೇ ಅದು ತಿಳಿಯುತ್ತದೆ. ಚೀಲದಲ್ಲಿ ಬಿತ್ತನೆ ಬೀಜ ಇಟ್ಟುಕೊಂಡು ಮುಗಿಲು ನೋಡುವ ಜನರ ಮಕ್ಕಳಾದ ನಾವು, ಮಳೆಗೆಂದೇ ಒಂದು ಧಾಟಿಯನ್ನು ಶತಮಾನಗಳ ಕಾಲ, ಅದೂ ಸ್ವಂತ ನೆಲವೇ ಇಲ್ಲದ ದೇಶಗಳಲ್ಲಿ ಕುಳಿತು, ಕಾಪಾಡಿಕೊಂಡ ಜನರನ್ನು ಅರ್ಥಮಾಡಿಕೊಳ್ಳಬಲ್ಲೆವು ಎಂದು ನಾನು ನಂಬಿದ್ದೇನೆ.

ಧಾಟಿಯನ್ನು ಕಾಪಾಡುವುದು ಶಾಸ್ತ್ರದ ವಿಷಯವೂ ಹೌದು. 1427ರಲ್ಲಿ ತೀರಿಕೊಂಡ ಜರ್ಮನಿಯ ರಬ್ಬಿ ಯಾಕೋಬ್ ಮೋಲಿನ್, ಮಹಾರಿಲ್ ಎಂದೇ ಪ್ರಸಿದ್ಧರು, ಊರಿನ ರೂಢಿಯ ಧಾಟಿಗಳನ್ನು ಯಾವ ಕಾರಣಕ್ಕೂ ಬದಲಿಸಬಾರದೆಂದು ವಿಧಿಸಿದರು. ರೈನ್ ನದಿಯ ತೀರದ ಸಮುದಾಯಗಳಲ್ಲಿ ಮಧ್ಯಯುಗದಲ್ಲಿ ರೂಪುಗೊಂಡವೆಂದು ವಿದ್ವಾಂಸರು ಹೇಳುವ ಒಂದು ಗುಚ್ಛದ ಧಾಟಿಗಳನ್ನು, ಸಿನಾಯ್ ಬೆಟ್ಟದಲ್ಲಿ ದೇವರಿಂದ ಪ್ರವಾದಿ ಮೋಶೆಗೆ ದೊರೆತವು ಎಂಬಷ್ಟು ಪೂಜ್ಯಭಾವದಿಂದ ಜನ ಕಂಡರು. ಇದಕ್ಕೆ ಎದುರಾಗಿ ಅದೇ ಪ್ರದೇಶದಲ್ಲಿ ಹುಟ್ಟಿದ ಸೆಫೆರ್ ಹಸಿದಿಮ್ ಎಂಬ ಇನ್ನೂ ಹಳೆಯ ಗ್ರಂಥವು, ನಿನಗೆ ಯಾವ ಧಾಟಿ ಮಧುರವೆನಿಸುತ್ತದೆಯೋ ಅದನ್ನು ಹುಡುಕಿ ಅದರಲ್ಲಿ ಪ್ರಾರ್ಥಿಸು, ಆಗ ಮನಸ್ಸು ನಾಲಗೆಯನ್ನು ಹಿಂಬಾಲಿಸುತ್ತದೆ ಎಂಬ ಅರ್ಥದ ಸಲಹೆ ಕೊಡುತ್ತದೆ. ಹಜ್ಜಾನುತ್ ಬದುಕಿರುವುದು ಈ ಎರಡು ಮಾತುಗಳ ನಡುವಿನ ಎಳೆದಾಟದಲ್ಲಿ.

ಕೋಲ್ ನಿದ್ರೆ ಎಂಬ ಹಾಡಿನ ಹೆಸರನ್ನು ಈ ಸಂಗೀತದ ಪರಿಚಯವಿಲ್ಲದವರೂ ಕೇಳಿರಬಹುದು. ಯೋಮ್ ಕಿಪ್ಪೂರ್‌ನ ಮುನ್ನಾದಿನ ಸೂರ್ಯ ಮುಳುಗುವ ಮೊದಲು ತೋರಾ ಸುರುಳಿಗಳನ್ನು ಹೊರತೆಗೆದು, ಅವುಗಳನ್ನು ಹಿಡಿದ ಹಿರಿಯರು ಹಜ್ಜಾನನ ಎರಡು ಪಕ್ಕದಲ್ಲಿ ನಿಲ್ಲುತ್ತಾರೆ; ಮೂವರೂ ಸೇರಿ ಒಂದು ನ್ಯಾಯಪೀಠವಾಗುತ್ತದೆ. ಅವನು ಹಾಡುವುದು ಸ್ತುತಿಯಲ್ಲ, ವಿಲಾಪವೂ ಅಲ್ಲ. ದೇವರಿಗೆ ಮಾಡಿಕೊಂಡು ನಡೆಸಲಾಗದೆ ಹೋಗುವ ಹರಕೆ ಆಣೆಗಳು ರದ್ದಾಗಲಿ ಎಂಬ, ಕಾನೂನಿನ ಭಾಷೆಯ, ಒಣಗಿದ ಅರಾಮಿಕ್ ವಾಕ್ಯಗಳು. ಮನುಷ್ಯರಿಗೆ ಕೊಟ್ಟ ಮಾತುಗಳಿಗೆ ಇದು ಅನ್ವಯಿಸುವುದಿಲ್ಲ. ಒಂಬತ್ತನೆಯ ಶತಮಾನದ ಬ್ಯಾಬಿಲೋನಿನ ಗುರುಗಳೇ ಈ ಪದ್ಧತಿಯನ್ನು ವಿರೋಧಿಸಿದ್ದರು; ಹನ್ನೆರಡನೆಯ ಶತಮಾನದಲ್ಲಿ ಶಾಸ್ತ್ರಜ್ಞ ರಬ್ಬೇನು ತಾಮ್ ಅದರ ಕಾಲವನ್ನು ಕಳೆದ ವರ್ಷದಿಂದ ಬರುವ ವರ್ಷಕ್ಕೆ ತಿದ್ದಿದರು; ಯಹೂದಿಗಳ ಮಾತನ್ನು ನಂಬಬಾರದೆನ್ನುವ ದ್ವೇಷಿಗಳು ಇದನ್ನೇ ಸಾಕ್ಷಿಯಾಗಿ ತೋರಿಸಿದರು; ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಸುಧಾರಕರು ಪಠ್ಯವನ್ನೇ ಕೈಬಿಡಲು ನೋಡಿದರು. ಆದರೆ ಧಾಟಿಯನ್ನು ಕೈಬಿಡಲು ಜನ ಒಪ್ಪಲಿಲ್ಲ. ಮೂರು ಸಲ ಹಾಡುತ್ತಾರೆ: ಮೊದಲ ಸಲ ಅರಮನೆಗೆ ಅಂಜುತ್ತ ಕಾಲಿಟ್ಟವನ ಮೆಲುದನಿ, ಎರಡನೆಯ ಸಲ ಸ್ವಲ್ಪ ಗಟ್ಟಿ, ಮೂರನೆಯ ಸಲ ಪೂರ್ಣ ಕಂಠ. 1880ರಲ್ಲಿ ಮ್ಯಾಕ್ಸ್ ಬ್ರೂಖ್ ಇದನ್ನು ಆಧರಿಸಿ ಚೆಲ್ಲೋ ವಾದ್ಯಕ್ಕೆ ಬರೆದ ಕೃತಿಯಿಂದ ಧಾಟಿ ಜಗತ್ತಿಗೆಲ್ಲ ಪರಿಚಿತವಾಯಿತು. ಬ್ರೂಖ್ ಪ್ರಾಟೆಸ್ಟೆಂಟ್ ಕ್ರೈಸ್ತರು. ಬರ್ಲಿನ್‌ನ ಹಜ್ಜಾನ್ ಒಬ್ಬರಿಂದ ಧಾಟಿಯನ್ನು ಕಲಿತರು. ಚೆಲ್ಲೋ ಕೃತಿ ಸುಂದರವಾಗಿದೆ, ಅದನ್ನು ನಾನು ಪ್ರೀತಿಯಿಂದ ಕೇಳುತ್ತೇನೆ. ಆದರೆ ಅಲ್ಲಿ ಮೂರು ಸಲದ ಏರಿಕೆ ಇಲ್ಲ, ಪಕ್ಕದಲ್ಲಿ ನಿಂತ ಹಿರಿಯರಿಲ್ಲ, ಮುಳುಗುತ್ತಿರುವ ಸೂರ್ಯನ ಅವಸರವಿಲ್ಲ. ಈ ಧಾಟಿಯ ಶಕ್ತಿ ಅದರ ದುಃಖದಲ್ಲಿದೆ ಎನ್ನುವುದು ರೂಢಿ. ನನಗೆ ಅದು ಒಣ ಕಾನೂನಿನ ಮಾತಿಗೂ ಕರಗುವ ನಾದಕ್ಕೂ ಇರುವ ಅಂತರದಲ್ಲಿದೆ ಎನಿಸುತ್ತದೆ. ಪದ ಹೇಳದೆ ಬಿಟ್ಟ ಪಶ್ಚಾತ್ತಾಪವನ್ನು ಕಂಠ ಹೇಳುತ್ತದೆ.

ಆಧುನಿಕ ಕಾಲದ ಕಥೆ ವಿಯೆನ್ನಾದಲ್ಲಿ ಆರಂಭವಾಗುತ್ತದೆ. 1826ರಿಂದ ಅಲ್ಲಿನ ನಗರ ಸಿನಗಾಗ್‌ನಲ್ಲಿ ಹಜ್ಜಾನರಾಗಿದ್ದ ಸಾಲೊಮನ್ ಸುಲ್ಟ್ಸರ್ ಹಳೆಯ ಧಾಟಿಗಳನ್ನು ಶುದ್ಧಗೊಳಿಸಿ ಯುರೋಪಿನ ವೃಂದಗಾನದ ಚೌಕಟ್ಟಿನಲ್ಲಿ ಕೂರಿಸಿದರು. ಅವರಿಗಾಗಿ ಶೂಬರ್ಟ್ 1828ರಲ್ಲಿ 92ನೆಯ ಕೀರ್ತನೆಯನ್ನು ಹೀಬ್ರೂ ಭಾಷೆಯಲ್ಲೇ ಸಂಯೋಜಿಸಿ ಕೊಟ್ಟರು. ಬರ್ಲಿನ್‌ನಲ್ಲಿ ಲೂಯಿಸ್ ಲೆವಾಂಡೊವ್‌ಸ್ಕಿ ಇದೇ ದಾರಿಯಲ್ಲಿ ನಡೆದರು. 1818ರ ಹ್ಯಾಂಬರ್ಗ್‌ನ ಸುಧಾರಣಾವಾದಿ ಮಂದಿರದಲ್ಲಿ ಆರ್ಗನ್ ವಾದ್ಯವೇ ಬಂತು, ದೊಡ್ಡ ಜಗಳವೂ ಆಯಿತು. ಆ ಸಂಗೀತದ ಶಿಸ್ತನ್ನು ಗೌರವಿಸುತ್ತೇನಾದರೂ ನನ್ನ ಮನಸ್ಸು ಪೂರ್ವಕ್ಕೆ, ಒಡೆಸಾ, ವಿಲ್ನಾ, ವಾರ್ಸಾಗಳ ಕಡೆಗೇ ವಾಲುತ್ತದೆ. ಅಲ್ಲಿ ಹುಡುಗರು ಹಜ್ಜಾನನ ಮನೆಯಲ್ಲೇ ಇದ್ದು, ಅವನ ಜೊತೆ ಊರೂರು ತಿರುಗಿ, ಹಿಮ್ಮೇಳ ಹಾಡುತ್ತ ವಿದ್ಯೆ ಕಲಿಯುತ್ತಿದ್ದರು. ಗುರುಕುಲವೆಂದರೆ ನಮಗೆ ಅರ್ಥವಾಗುವ ಪದ್ಧತಿಯೇ ಅದು.

ಈ ಪೂರ್ವದ ಕಂಠಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಇಳಿದವು. ಗೆರ್ಶೋನ್ ಸಿರೋಟಾ, ಝಾವೆಲ್ ಕ್ವಾರ್ಟಿನ್, ಮೊರ್ದೆಖಾಯ್ ಹೆರ್ಶ್‌ಮನ್, ಪಿಯೆರ್ ಪಿಂಚಿಕ್, ಮೊಶೆ ಕುಸೆವಿಟ್ಸ್ಕಿ. ಹಜ್ಜಾನುತ್‌ನ ಸುವರ್ಣಯುಗವೆಂದು ಕರೆಯುವುದು ಇವರ ಕಾಲವನ್ನೇ. ಗಂಟಲಿನಲ್ಲಿ ಬಿಕ್ಕು ಒಡೆದಂತಹ ಒಂದು ತಿರುವು, ಮಿಂಚಿನ ವೇಗದ ಬಿರ್ಕಾಗಳು, ಪೂರ್ಣ ಕಂಠದಿಂದ ಕಳ್ಳದನಿಗೆ ಕೂದಲೆಳೆಯಷ್ಟೂ ಅಂಟು ಕಾಣದಂತೆ ಜಾರುವುದು ಇವರ ಲಕ್ಷಣಗಳು. ಒಂದೇ ನುಡಿಗಟ್ಟನ್ನು ಮತ್ತೆ ಮತ್ತೆ ಎತ್ತಿಕೊಂಡು ಬೇರೆಬೇರೆ ಎತ್ತರಗಳಿಂದ ಅದರ ಅರ್ಥವನ್ನು ತೆರೆಯುವುದು ಇನ್ನೊಂದು. ನಮ್ಮ ನೆರವಲ್ ಕೇಳಿ ರೂಢಿಯಾದವರಿಗೆ ಇದು ತಕ್ಷಣ ಹಿಡಿಸುತ್ತದೆ. ಪ್ರಾರ್ಥನೆಯ ಪದಗಳನ್ನು ಹೀಗೆ ಪುನರುಕ್ತಿ ಮಾಡುವುದನ್ನು ಅನೇಕ ರಬ್ಬಿಗಳು ಒಪ್ಪುವುದಿಲ್ಲ. ಆ ಆಕ್ಷೇಪಣೆಯನ್ನು ತಳ್ಳಿಹಾಕುವ ಅಧಿಕಾರ ನನಗಿಲ್ಲ, ಹಾಗೆ ಮಾಡುವ ಮನಸ್ಸೂ ಇಲ್ಲ: ಶಾಸ್ತ್ರ ಹಿಡಿದ ಲಗಾಮಿಲ್ಲದೆ ಈ ಕಲೆಗೆ ಇಷ್ಟು ಬಿಗಿ ಬರುತ್ತಿರಲಿಲ್ಲ.

ಇವರಲ್ಲಿ ಯೊಸೆಲೆ ರೋಸೆನ್‌ಬ್ಲಾಟ್ ಅವರ ಬದುಕು ಇಡೀ ಪ್ರಶ್ನೆಯನ್ನು ತನ್ನೊಳಗೆ ಹಿಡಿದಿಟ್ಟಿದೆ. 1882ರಲ್ಲಿ ಉಕ್ರೇನಿನ ಬಿಲಾ ತ್ಸೆರ್ಕ್ವಾದಲ್ಲಿ ಹುಟ್ಟಿದ ಅವರು 1912ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಹಂಗೇರಿಯನ್ ಯಹೂದಿಗಳ ಓಹಬ್ ಝೆದೆಕ್ ಸಭೆಯ ಹಜ್ಜಾನರಾದರು. 1918ರಲ್ಲಿ ಶಿಕಾಗೋದ ಒಪೆರಾ (ಗೀತನಾಟಕ) ಮಂಡಳಿ ಒಂದು ಪ್ರದರ್ಶನಕ್ಕೆ ಸಾವಿರ ಡಾಲರ್ ಕೊಡುತ್ತೇವೆ, ಯಹೂದಿ ಮುದುಕನ ಪಾತ್ರವನ್ನೇ ಹಾಡಿ ಎಂದು ಕೇಳಿತು. ಅವರು ಒಪ್ಪಲಿಲ್ಲ. ಹಣದ ಅಗತ್ಯವಿಲ್ಲದ್ದರಿಂದಲ್ಲ: ಮುಂದೆ ಯಹೂದಿ ಪತ್ರಿಕೆಯೊಂದರಲ್ಲಿ ಹಣ ತೊಡಗಿಸಿ 1925ರಲ್ಲಿ ದಿವಾಳಿಯಾದಾಗ, ಸಾಲ ತೀರಿಸುವ ಸಲುವಾಗಿ ವಿನೋದಗಾರರ ನಡುವೆ ರಂಗದ ಮೇಲೆ ನಿಂತು ಹಾಡಿದರು, ಆದರೆ ಸಬ್ಬತ್ ದಿನ ಹಾಡಲಿಲ್ಲ. 1927ರ ಪ್ರಸಿದ್ಧ ಮಾತಿನ ಚಿತ್ರದಲ್ಲಿ ಹಜ್ಜಾನನ ಪಾತ್ರ ವಹಿಸಿ ಕೋಲ್ ನಿದ್ರೆ ಹಾಡಲು ಕರೆದಾಗ ಪಾತ್ರವನ್ನೂ ಬೇಡವೆಂದರು, ಕೋಲ್ ನಿದ್ರೆಯನ್ನೂ ಬೇಡವೆಂದರು. ತಾವು ತಾವಾಗಿಯೇ ಕಾಣಿಸಿಕೊಂಡು ಪ್ರಾರ್ಥನೆಯಲ್ಲದ, ಪೂರ್ವ ಯುರೋಪಿನ ಯಹೂದಿಗಳ ಆಡುನುಡಿಯಾದ ಯಿಡ್ಡಿಶ್‌ನ ಒಂದು ಹಾಡನ್ನು ಹಾಡಿದರು. 1933ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು. ರಂಗದ ಮೇಲೆ ಏನನ್ನು ಹಾಡಬಹುದು, ಯಾವುದನ್ನು ಸಭೆಯಿಂದ ಹೊರಗೆ ತರಬಾರದು ಎಂಬ ಗೆರೆಯನ್ನು ಕಷ್ಟದ ದಿನಗಳಲ್ಲೂ ತಾವೇ ಎಳೆದುಕೊಂಡು ಅದರಂತೆ ನಡೆದವರು ಅವರು. ಆ ಕಾರಣಕ್ಕೇ ಅವರ ತಟ್ಟೆಗಳನ್ನು ನಾನು ಇನ್ನೂ ಹೆಚ್ಚಿನ ಗೌರವದಿಂದ ಕೇಳುತ್ತೇನೆ.

ಗ್ರಾಮಫೋನನ್ನೇ ವಿರೋಧಿಸಿದ ದೊಡ್ಡ ಹಜ್ಜಾನರೂ ಇದ್ದರು. ಒಡೆಸಾದ ಪಿನ್ಹಾಸ್ ಮಿಂಕೋವ್‌ಸ್ಕಿ ಅವರಲ್ಲಿ ಮುಖ್ಯರು. ಪವಿತ್ರ ನಾಮವಿರುವ ಪ್ರಾರ್ಥನೆ ಎಲ್ಲೆಂದರಲ್ಲಿ, ಯಾರೆಂದರವರ ಕೈಯಲ್ಲಿ ನುಡಿಯುವುದನ್ನು ಅವರು ಸಹಿಸಲಿಲ್ಲ. ಆ ತಟ್ಟೆಗಳ ಋಣದಲ್ಲಿರುವ ನಾನೂ ಅವರ ಸಂಕಟವನ್ನು ತಿಳಿಯಬಲ್ಲೆ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಕೇಳುಗರು ಗಮನಿಸಬೇಕು. ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಧ್ವನಿಮುದ್ರಣ ನಿಷಿದ್ಧ. ಹಾಗಾಗಿ ಸುವರ್ಣಯುಗದ ಯಾವ ಹಜ್ಜಾನರ ನಿಜವಾದ ಸಬ್ಬತ್ ಪ್ರಾರ್ಥನೆಯೂ ನಮಗೆ ಕೇಳಲು ಉಳಿದಿಲ್ಲ. ಇರುವುದು ವಾರದ ದಿನಗಳಲ್ಲಿ, ಸ್ಟುಡಿಯೋದ ಕೊಳವೆಯ ಮುಂದೆ, ತಟ್ಟೆಯ ಒಂದು ಮಗ್ಗುಲಿನ ಕೆಲವೇ ನಿಮಿಷಗಳಿಗೆ ಹೊಂದಿಸಿ, ಸಭೆಯಿಲ್ಲದೆ, ಅನೇಕ ಸಲ ಆರ್ಗನ್ ಅಥವಾ ವಾದ್ಯವೃಂದದ ಹಿನ್ನೆಲೆಯೊಂದಿಗೆ ಹಾಡಿದ್ದು. ಸಾಲಿನ ಕೊನೆಯಲ್ಲಿ ಹಜ್ಜಾನನು ಸ್ವರವನ್ನು ಇಳಿಸಿ ಒಂದು ಕ್ಷಣ ತಡೆಯುವುದು ಎಷ್ಟೋ ಕಡೆ ಕೇಳುತ್ತದೆ. ಆಮೆನ್‌ಗಾಗಿ ಬಿಟ್ಟ ಜಾಗ ಅದು. ಅಲ್ಲಿ ನೂರಾರು ಕಂಠಗಳು ಬೀಳಬೇಕಾಗಿತ್ತು ಎಂಬುದನ್ನು ನಮ್ಮ ಮನಸ್ಸಿನಲ್ಲಿ ನಾವೇ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಂಡು ಕೇಳಲು ಕಲಿತ ಮೇಲೆಯೇ ನನಗೆ ಈ ಸಂಗೀತ ಪೂರ್ತಿಯಾಗಿ ದಕ್ಕತೊಡಗಿತು.

ಸಿರೋಟಾ ಹಾಡುತ್ತಿದ್ದ ವಾರ್ಸಾದ ತ್ಲೊಮಾಟ್ಸ್ಕಿಯೆ ಬೀದಿಯ ಮಹಾ ಸಿನಗಾಗ್ ಅನ್ನು ನಾಜಿ ಸೈನ್ಯ 1943ರ ಮೇ 16ರಂದು ಸಿಡಿಸಿ ನೆಲಸಮ ಮಾಡಿತು. ಅದೇ ವರ್ಷ, ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ ಸಿರೋಟಾ ತಮ್ಮ ಕುಟುಂಬದೊಂದಿಗೆ ಸತ್ತರು. ಅಲ್ಲಿ ಅವರ ನಂತರ ಹಜ್ಜಾನರಾಗಿದ್ದ ಕುಸೆವಿಟ್ಸ್ಕಿ ಸೋವಿಯತ್ ದೇಶಕ್ಕೆ ತಪ್ಪಿಸಿಕೊಂಡು ಹೋಗಿ ಬದುಕಿ, ಮುಂದೆ ಬ್ರೂಕ್ಲಿನ್‌ನಲ್ಲಿ ಹಾಡಿದರು. ಗಾಯಕರಷ್ಟೇ ಹೋಗಲಿಲ್ಲ. ಮೊದಲ ಪದದಲ್ಲೇ ಇಬ್ಬನಿಯ ದಿನವೆಂದು ಗುರುತಿಸಬಲ್ಲ ಸಭೆಗಳೂ ಊರೂರು ಸಮೇತ ಇಲ್ಲವಾದವು.

ಯುದ್ಧದ ನಂತರ ಅಮೆರಿಕದಲ್ಲಿ ಹಜ್ಜಾನರ ತರಬೇತಿಗೆಂದು ಶಾಲೆಗಳು ಆರಂಭವಾದವು. ಹೀಬ್ರೂ ಯೂನಿಯನ್ ಕಾಲೇಜಿನ ಶಾಲೆ 1948ರದು, ಅಲ್ಲಿಂದ 1975ರಲ್ಲಿ ಬಾರ್ಬರಾ ಓಸ್ಟ್‌ಫೆಲ್ಡ್ ದೀಕ್ಷೆ ಪಡೆದ ಮೊದಲ ಮಹಿಳಾ ಹಜ್ಜಾನರಾಗಿ ಹೊರಬಂದರು. ಸಂಪ್ರದಾಯನಿಷ್ಠ ಸಭೆಗಳು ಇದನ್ನು ಒಪ್ಪಿಲ್ಲ. ಇನ್ನೊಂದು ಬದಲಾವಣೆ ಎಲ್ಲ ಪಂಥಗಳನ್ನೂ ಮುಟ್ಟಿತು: ಒಬ್ಬನು ಹಾಡಿ ಉಳಿದವರು ಕೇಳುವುದಕ್ಕಿಂತ ಎಲ್ಲರೂ ಸೇರಿ ಹಾಡುವ ಸರಳ ಧಾಟಿಗಳು ಜನಪ್ರಿಯವಾದವು. ಶ್ಲೋಮೋ ಕಾರ್ಲೆಬಾಖ್ ಅವರ ಧಾಟಿಗಳು ಒಂದು ಕಡೆ, ಗಿಟಾರ್ ಹಿಡಿದ ಡೆಬ್ಬಿ ಫ್ರೀಡ್‌ಮನ್ ಅವರ ಗೀತೆಗಳು ಇನ್ನೊಂದು ಕಡೆ ಹರಡಿದವು. ಭಜನೆಯ ಬಲವನ್ನು ಬಲ್ಲ ನಾಡಿನವರು ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಕೇಳುವುದು ಕೈಕಟ್ಟಿ ಕೂರುವುದಲ್ಲ, ಆಮೆನ್ ಎನ್ನುವವನು ಹಾಡುವವನಷ್ಟೇ ಪ್ರಾರ್ಥಿಸುತ್ತಿರುತ್ತಾನೆ ಎಂಬ ಹಳೆಯ ತಿಳಿವಳಿಕೆ ಮಸುಕಾಗುತ್ತಿರುವುದು ನನಗೆ ನಷ್ಟವಾಗಿಯೇ ತೋರುತ್ತದೆ. ಇತ್ತೀಚೆಗೆ ಬ್ರೂಕ್ಲಿನ್‌ನ ಹಸಿದಿ ಎಂಬ ಭಕ್ತಿಪಂಥದ ತರುಣರಲ್ಲಿ ಕೆಲವರು ಹಳೆಯ ತಟ್ಟೆಗಳನ್ನು ಗುರುವಾಗಿಸಿಕೊಂಡು ಆ ಶೈಲಿಯನ್ನು ಪುನಃ ಕಲಿಯುತ್ತಿದ್ದಾರೆ. ಅವರ ಹಾಡಿಕೆ ಕೇಳಿ ನನಗೆ ತುಂಬ ಸಂತೋಷವಾಗಿದೆ.

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಯುರೋಪಿನ ಕಥೆ. ಸಿರಿಯಾದ ಅಲೆಪ್ಪೊ ಮೂಲದ ಯಹೂದಿಗಳಲ್ಲಿ ಆಯಾ ವಾರದ ತೋರಾ ಭಾಗದ ವಿಷಯಕ್ಕೆ ತಕ್ಕಂತೆ ಆ ಸಬ್ಬತ್ತಿನ ಪ್ರಾರ್ಥನೆಗೆ ಅರಬ್ಬಿ ಸಂಗೀತದ ಒಂದು ಮಕಾಮ್, ಎಂದರೆ ರಾಗದಂಥ ಧಾಟಿ, ಗೊತ್ತಾಗಿರುತ್ತದೆ. ಸಾರಾಳ ಮರಣ ಓದುವ ವಾರಕ್ಕೆ ಹಿಜಾಝ್, ಸುನ್ನತಿಯ ಪ್ರಸಂಗಕ್ಕೆ ಸಬಾ. ನಮ್ಮ ದೇಶದ ಯಹೂದಿಗಳದು ಇನ್ನೂ ಬೇರೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳದಲ್ಲಿ ಬೈಬಲ್ಲಿನ ಕಥೆಗಳನ್ನೂ ಮದುವೆಯ ಹಾಡುಗಳನ್ನೂ ಹಾಡುತ್ತಿದ್ದರು. ಕೊಂಕಣದ ಬೆನೆ ಇಸ್ರೇಲ್ ಜನ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮರಾಠಿಯಲ್ಲಿ, ನಮ್ಮ ಹರಿಕಥೆಯ ಬಂಧುವಾದ ಕೀರ್ತನದ ರೂಪದಲ್ಲಿ, ಯೋಸೇಫ ಮೋಶೆಯರ ಕಥೆಗಳನ್ನು ಹೇಳತೊಡಗಿದರು. ಅವರ ಇತಿಹಾಸದ ಒಂದು ಎಳೆ ಕರ್ನಾಟಕವನ್ನೂ ಮುಟ್ಟುತ್ತದೆ: ಇಂಗ್ಲಿಷರ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಬಿಡುಗಡೆಯಾಗಿ ಹಿಂತಿರುಗಿದ ಮೇಲೆ ಕೃತಜ್ಞತೆಯಿಂದ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದರೆಂದು ಆ ಸಮುದಾಯ ಹೇಳಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ಅಂಥ ಹಳೆಯ ಸಿನಗಾಗ್ ಇಲ್ಲ. ಮೈಸೂರು ರಸ್ತೆಯ ಕಡೆ, ಮಹಾರಾಜರು 1904ರಲ್ಲಿ ಕೊಟ್ಟ ಜಾಗದಲ್ಲಿ, ಯಹೂದಿಗಳ ಒಂದು ಪುಟ್ಟ ಸ್ಮಶಾನವಿದೆ.

ಆದ್ದರಿಂದ ಜೀವಂತ ಪ್ರಾರ್ಥನೆಯನ್ನು ಕೇಳುವ ಅವಕಾಶ ನನಗೆ ಸಿಕ್ಕಿದ್ದು ಮುಂಬಯಿಯ ಕಾಲಾ ಘೋಡಾ ಬಳಿಯ, 1884ರಲ್ಲಿ ಕಟ್ಟಿದ ಕೆನೆಸೆತ್ ಎಲಿಯಾಹು ಸಿನಗಾಗ್‌ನಲ್ಲಿ, ಒಂದು ಶುಕ್ರವಾರ ಸಂಜೆ. ಅಲ್ಲಿ ಸುವರ್ಣಯುಗದ ಬಿರ್ಕಾಗಳಿರಲಿಲ್ಲ. ಬಗ್ದಾದಿ ಮೂಲದ ಆ ಮಂದಿರದಲ್ಲಿ ಪ್ರಾರ್ಥನೆ ನಡೆಸಿದವರ ಕಂಠ ಸಾಧಾರಣವಾದದ್ದು, ಧಾಟಿ ಸರಳವಾದದ್ದು, ಸೇರಿದವರೂ ಕೆಲವೇ ಮಂದಿ. ಹದಿನಾರನೆಯ ಶತಮಾನದಲ್ಲಿ ಸಫೆದ್ ಊರಿನ ಶ್ಲೋಮೋ ಅಲ್ಕಬೆತ್ಸ್ ರಚಿಸಿದ, ಸಬ್ಬತ್ತನ್ನು ಮದುವಣಗಿತ್ತಿಯಾಗಿ ಬರಮಾಡಿಕೊಳ್ಳುವ ಗೀತೆಯ ಕೊನೆಯ ನುಡಿಗೆ ಎಲ್ಲರೂ ಬಾಗಿಲ ಕಡೆಗೆ ತಿರುಗಿದರು. ತಟ್ಟೆಗಳಲ್ಲಿ ಕೇಳಿದ ಮಹಾಗಾಯಕರ ಕಂಠದಲ್ಲಿ ಸಿಗದಿದ್ದದ್ದು ಅಲ್ಲಿ ಸಿಕ್ಕಿತು: ಮುಂದಾಳು ಸಾಲು ಮುಗಿಸುವ ಮುನ್ನವೇ ಅಲ್ಲಲ್ಲಿಂದ ಏಳುವ ಆಮೆನ್‌ಗಳು, ಒಂದಕ್ಕೊಂದು ಸ್ವಲ್ಪ ಹಿಂದೆ ಮುಂದೆ, ಶ್ರುತಿಯಲ್ಲಿ ಸೇರದಿದ್ದರೂ ತಮ್ಮ ಜಾಗ ತಪ್ಪದೆ ಬರುವ ಆಮೆನ್‌ಗಳು.

ಕೇಳಲು ಆರಂಭಿಸಬೇಕೆನ್ನುವ ಬೆಂಗಳೂರಿನ ಸಂಗೀತಪ್ರಿಯರಿಗೆ ನನ್ನ ಸಲಹೆ ಇಷ್ಟು. ಫ್ಲೋರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಯಹೂದಿ ಧ್ವನಿ ಸಂಗ್ರಹದಲ್ಲಿ ಹಳೆಯ ತಟ್ಟೆಗಳು ಅಂತರ್ಜಾಲದಲ್ಲೇ ಕೇಳಲು ಸಿಗುತ್ತವೆ. ಮೊದಲು ಆಯಾ ಪ್ರಾರ್ಥನೆಯ ಅನುವಾದವನ್ನು ಓದಿಕೊಳ್ಳಿ, ಅದು ಯಾವ ದಿನದ ಯಾವ ಹೊತ್ತಿನದು ಎಂಬುದನ್ನು ತಿಳಿದುಕೊಳ್ಳಿ. ರೋಸೆನ್‌ಬ್ಲಾಟ್ ಅವರಿಂದ ಆರಂಭಿಸಿ, ಏಕೆಂದರೆ ಅವರ ಪದೋಚ್ಚಾರ ಅತ್ಯಂತ ಸ್ಪಷ್ಟ. ಆಮೇಲೆ ಪಿಂಚಿಕ್, ಏಕೆಂದರೆ ಒಂದೇ ಮಾತನ್ನು ಬಿಡದೆ ಹಿಡಿದು ಧ್ಯಾನಿಸುವುದು ಅವರ ರೀತಿ. ಅವರಿಬ್ಬರ ನಂತರ ಸಿರೋಟಾ ಅವರ ಪ್ರಚಂಡ ಕಂಠ. ಹಾಡಿನ ಮಧ್ಯೆ ಧಾಟಿ ವಕುಳಾಭರಣದ ಸ್ವರಗಳಿಂದ ಬೇರೆಡೆಗೆ ಸರಿಯುವ ಜಾಗದಲ್ಲಿ ನಿಲ್ಲಿಸಿ, ಪಠ್ಯದಲ್ಲಿ ಅಲ್ಲಿ ಯಾವ ಮಾತಿದೆ ಎಂದು ನೋಡಿ. ಹೆಚ್ಚಿನ ಸಲ ಬೇಡಿಕೆ ಸ್ತುತಿಯಾಗಿ ಅಥವಾ ಸ್ತುತಿ ಬೇಡಿಕೆಯಾಗಿ ತಿರುಗುವ ಮಾತೇ ಅಲ್ಲಿರುತ್ತದೆ.